ಭಂಡಾರ ಬಿದ್ದ ಹೊಸ್ತಿಲು

ಫಿನಾಯಿಲ್ ಮತ್ತು ಅರಿಶಿಣ ಕೂಡಿದರೆ ಹುಟ್ಟುವ ವಾಸನೆಗೆ ಹೆಸರಿಲ್ಲ. ಅದು ಆಸ್ಪತ್ರೆಯದೂ ಅಲ್ಲ, ದೇವರ ಕೋಣೆಯದೂ ಅಲ್ಲ. ಕಳೆದ ಶುಕ್ರವಾರ ಗೋಕಾಕದ ನಮ್ಮ ಮನೆಯಲ್ಲಿ ಕೆಲಸದಾಕೆ ಹೊಸ್ತಿಲ ಪೂಜೆಯ ಅರಿಶಿಣ ಒಣಗುವ ಮೊದಲೇ ಅದರ ಮೇಲೆ ಫಿನಾಯಿಲ್ ನೀರು ಸುರಿದಳು. ಒಲೆಯ ಮೇಲೆ ಶೇಂಗಾ ಹುರಿಯುತ್ತಿದ್ದ ನಾನು ಹಾಗೇ ಎದ್ದು ಹೊರಗೆ ಬಂದುಬಿಟ್ಟೆ. ಶೇಂಗಾ ಸೀದುಹೋದವು. "ಏನಾತ್ರಿ ಅಕ್ಕಾರ?" ಎಂದು ಅವಳು ಗಾಬರಿಯಾಗಿ ಕೇಳಿದಾಗ ಏನೂ ಇಲ್ಲ ಎಂದೆ. ನಾನು ನಿಂತದ್ದು ನಮ್ಮ ಹೊಸ್ತಿಲ ಮುಂದಲ್ಲ, ಮೂಡಲಗಿಯ ಒಂದು ಓಣಿಯಲ್ಲಿ ಬಾಗಿಲಿಲ್ಲದ ಮನೆಯೊಂದರ ಹೊಸ್ತಿಲ ಮುಂದೆ ಎಂದು ಅವಳಿಗೆ ಹೇಗೆ ಹೇಳುವುದು.

ಮೂಡಲಗಿಯಲ್ಲಿ ನಾವು ಇದ್ದದ್ದು ಒಂದೇ ವರ್ಷ. ನಮ್ಮ ಯಜಮಾನರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು, ಗೋಕಾಕದಿಂದ ಅಲ್ಲಿಗೆ ವರ್ಗವಾಗಿತ್ತು. ಮಗಳು ಸಹನಾಗೆ ಆಗ ಏಳು ವರ್ಷ. ಅದರ ಹಿಂದಿನ ಮಳೆಗಾಲದಲ್ಲಿ ಅವಳಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಮೊಣಕೈಯ ಒಳಗಡೆ ಸೂಜಿಯ ನೀಲಿ ಕಲೆಗಳು ನೇರಳೆ ಹಣ್ಣು ತಿಂದು ಒರೆಸಿಕೊಂಡ ಹಾಗೆ ಕಾಣುತ್ತಿದ್ದವು. ಮನೆಗೆ ಕಳಿಸುವ ದಿನ ಡಾಕ್ಟರರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿ ಹೇಳಿದರು: "ಒಮ್ಮೆ ಪಾರಾದ್ಲ್ರಿ. ಇನ್ನೊಮ್ಮೆ ಬಂದ್ರ ಇದಕ್ಕಿಂತ ಭಾಳ ತ್ರಾಸ ಆಗಬಹುದು. ಸೊಳ್ಳಿ ಕಡೀದಂಗ ನೋಡ್ಕೋರಿ. ನಿಮ್ಮ ಕೈಯಾಗ ಇರೂದು ಅಷ್ಟ."

ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡೇ ನಾನು ಮೂಡಲಗಿಗೆ ಬಂದೆ. ಸಾಮಾನು ಇಳಿಸುವಾಗ ಎಲ್ಲಕ್ಕಿಂತ ಮೊದಲು ಬಿಚ್ಚಿದ್ದು ಸೊಳ್ಳೆಪರದೆಯ ಗಂಟು. ಪರದೆ ಕಟ್ಟಲು ಮೊಳೆ ಹೊಡೆಯುತ್ತ ಕಿಟಕಿಯಿಂದ ಹೊರಗೆ ನೋಡಿದೆ. ಎದುರಿಗೆ ಆ ಮನೆ ಇತ್ತು.

ಮನೆ ಎನ್ನುವುದು ಹೆಸರಿಗೆ. ಮಾಳಿಗೆ ಬಿದ್ದು ವರ್ಷಗಳಾಗಿದ್ದವು. ಬಾಗಿಲನ್ನು ಯಾರೋ ಕಿತ್ತುಕೊಂಡು ಹೋಗಿ ಚೌಕಟ್ಟು ಮಾತ್ರ ಉಳಿದಿತ್ತು, ಅದರ ಕೆಳಗೆ ಸವೆದು ಹೊಳೆಯುವ ಕಲ್ಲಿನ ಹೊಸ್ತಿಲು. ಒಳಗೆ ಎದೆಯೆತ್ತರ ದತ್ತೂರಿ, ಜಾಲಿ, ಅವುಗಳ ಸಂದಿಯಲ್ಲಿ ಪ್ಲಾಸ್ಟಿಕ್ ಚೀಲಗಳ ದಿಬ್ಬ. ಹಿತ್ತಿಲ ಕಡೆ ಸಿಮೆಂಟಿನ ದೊಡ್ಡ ನೀರಿನ ಟಾಕಿ, ಅದರ ತುಂಬ ಪಾಚಿ ಕಟ್ಟಿದ ಹಸಿರು ನೀರು. ಎಡಕ್ಕೆ ಒಂದು ಮನೆ, ಬಲಕ್ಕೆ ಒಂದು ಮನೆ, ಎರಡರ ಅಂಗಳವೂ ಸಗಣಿ ಸಾರಿಸಿ ಕನ್ನಡಿಯ ಹಾಗೆ ಇಟ್ಟದ್ದು. ಎಡಗಡೆಯ ಮನೆ ಬಾಳವ್ವನದು, ಬಲಗಡೆಯದು ಶಾಂತವ್ವನದು. ಇಬ್ಬರೂ ನೆಗೆಣ್ಣಿಯರು, ಅಣ್ಣತಮ್ಮಂದಿರ ಹೆಂಡಂದಿರು. ನಡುವಿನ ಹಾಳುಮನೆ ಅವರ ಮಾವನದು. ಇಬ್ಬರೂ ತಮ್ಮ ಅಂಗಳ ಗುಡಿಸಿ, ಕಸವನ್ನು ಬುಟ್ಟಿಗೆ ತುಂಬಿ, ಆ ಹಾಳುಗೋಡೆಯ ಮೇಲಿಂದ ಒಳಗೆ ಎಸೆಯುತ್ತಿದ್ದರು. ಓಣಿಯ ಉಳಿದವರೂ ಅಷ್ಟೇ. ಎಸೆಯುವ ಮೊದಲು ಎಲ್ಲರೂ ಗೋಡೆಯಿಂದ ಒಂದು ಹೆಜ್ಜೆ ದೂರ ನಿಲ್ಲುವುದನ್ನು ನಾನು ಗಮನಿಸಿದ್ದೆ. ನಾತಕ್ಕೆ ಹೆದರಿ ಎಂದುಕೊಂಡಿದ್ದೆ.

ನಾನು ಕಲಿತದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಶನಿವಾರ ಸಿಸ್ಟರ್ ಒಬ್ಬರು ಬಿಳಿ ಕರವಸ್ತ್ರ ಬೆರಳಿಗೆ ಸುತ್ತಿಕೊಂಡು ಬೆಂಚಿನ ಅಡಿಭಾಗವನ್ನು ಒರೆಸಿ ನೋಡುತ್ತಿದ್ದರು. ಕಣ್ಣಿಗೆ ಕಾಣುವುದನ್ನು ಯಾರಾದರೂ ಒರೆಸುತ್ತಾರೆ ಎನ್ನುವುದು ಅವರ ಮಾತು. ಆ ಬೆರಳು ನನ್ನ ಬೆನ್ನ ಹಿಂದೆ ಇನ್ನೂ ಇದೆ ಎನಿಸುತ್ತದೆ. ಇಲ್ಲದಿದ್ದರೆ ನಾವು ಬಂದ ನಂತರದ ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನಮ್ಮ ಮನೆ ಮುಂದಿನ ರಸ್ತೆ ತೊಳೆದವಳು ಅಷ್ಟಕ್ಕೇ ನಿಲ್ಲುತ್ತಿದ್ದೆ. ಬಕೆಟ್ಟಿನಲ್ಲಿ ಫಿನಾಯಿಲ್ ನೀರು ಉಳಿದಿತ್ತು. ಎದುರಿನ ಹೊಸ್ತಿಲ ಮೇಲೆ ಹಳದಿ ಪುಡಿ, ಒಂದು ನಿಂಬೆಹಣ್ಣು, ಕಮಟು ನಾರುವ ಬಟ್ಟೆಯ ಚೂರು. ಯಾರೋ ದೃಷ್ಟಿ ತೆಗೆದು ಬಿಸಾಡಿದ್ದಾರೆ ಎಂದುಕೊಂಡೆ. ಒಂದು ಕಾಲನ್ನು ಹೊಸ್ತಿಲ ಆಚೆ ಇಟ್ಟು, ಒಳಗಿನ ಮೂಲೆಯವರೆಗೂ ಪೊರಕೆ ಆಡಿಸಿ, ಅದರ ಮೇಲೆ ಉಳಿದ ನೀರನ್ನೆಲ್ಲ ಸುರಿದೆ. ಹಳದಿ ನೀರು ಹೊರಳಿಕೊಂಡು ಗಟಾರಕ್ಕೆ ಹೋಯಿತು.

ತಲೆ ಎತ್ತಿದಾಗ ಬಾಳವ್ವ ತನ್ನ ಕಟ್ಟೆಯ ಮೇಲೆ ನಿಂತಿದ್ದಳು. ಅರವತ್ತು ದಾಟಿದ, ಎತ್ತರದ ಹೆಂಗಸು, ಹಣೆ ತುಂಬ ಕುಂಕುಮ. ಕೈಯಲ್ಲಿದ್ದ ತಂಬಿಗೆ ಸ್ವಲ್ಪ ವಾಲಿ ನೀರು ಅವಳ ಕಾಲ ಮೇಲೆ ಸೋರುತ್ತಿತ್ತು. ಅವಳಿಗೆ ಅದರ ಅರಿವಿರಲಿಲ್ಲ.

"ಏನ್ ಮಾಡಿದಿ?" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಆಮೇಲೆ ಇಡೀ ವರ್ಷ ನಾನು ಕೇಳಲಿಲ್ಲ.

ನಾನು ನಗುತ್ತ, ಇರಲಿ ಕಾಕೂ, ಕಸ ಬಿದ್ದಿತ್ತು, ತೊಳೆದೆ ಎಂದೆ. ನನ್ನ ನಗು ನೆನೆದರೆ ಈಗಲೂ ಮೈ ಬಿಸಿಯಾಗುತ್ತದೆ.

ವಿಷಯ ತಿಳಿಸಿದ್ದು ಶಾಂತವ್ವ. ಮಾವ ಸತ್ತ ವರ್ಷ ಅಣ್ಣತಮ್ಮಂದಿರಿಗೆ ಆ ಮನೆಯ ಬಾಗಿಲು ಯಾರ ಪಾಲಿಗೆ, ಟಾಕಿ ಯಾರ ಪಾಲಿಗೆ ಎಂದು ಜಗಳ ಹತ್ತಿತ್ತು. ಹಿರಿಯರು ಕೂತು ಹೇಳಿದರೂ ಬಗೆಹರಿಯಲಿಲ್ಲ. ಕಡೆಗೆ ಇಬ್ಬರೂ ದೇವಿಯ ಭಂಡಾರ, ಅಂದರೆ ಗುಡಿಯ ಅರಿಶಿಣದ ಪುಡಿ, ಮುಟ್ಟಿ ಆಣೆ ಮಾಡಿ ಹೊಸ್ತಿಲಿಗೆ ಹಾಕಿದರು. ಪಾಲು ಆಗುವವರೆಗೆ ಯಾರೂ ದಾಟಬಾರದು, ದಾಟಿದವರ ಮನೆಯ ತೊಟ್ಟಿಲು ಬರಿದಾಗಲಿ. ಅಂದಿನಿಂದ ಒಂಬತ್ತು ವರ್ಷ, ಒಂದು ಅಮಾವಾಸ್ಯೆಗೆ ಬಾಳವ್ವ, ಮುಂದಿನ ಅಮಾವಾಸ್ಯೆಗೆ ಶಾಂತವ್ವ ಹೊಸ ಭಂಡಾರ ಹಾಕುತ್ತ ಬಂದಿದ್ದರು. ಆ ಸರದಿಯನ್ನು ಮಾತ್ರ ಇಬ್ಬರೂ ಒಮ್ಮೆಯೂ ತಪ್ಪಿಸಿರಲಿಲ್ಲ, ಒಬ್ಬರನ್ನೊಬ್ಬರು ಮಾತಾಡಿಸಿಯೂ ಇರಲಿಲ್ಲ.

ಮತ್ತೆ ಎಲ್ಲರೂ ಕಸ ಎಸೆಯುತ್ತೀರಲ್ಲ ಎಂದು ನಾನು ಕೇಳಿದೆ. ಶಾಂತವ್ವ ನನ್ನನ್ನು ಕರುಣೆಯಿಂದ ನೋಡಿದಳು. "ಕಾಲ ಇಡಬಾರದು ಅಂತ ಆಣಿ ಐತ್ರಿ ಬಾಯಾರ. ಕಸಾ ಒಗೀಬಾರದು ಅಂತ ಇಲ್ಲ." ನಂತರ ನಮ್ಮ ಮನೆಯ ಒಳಗೆ, ಚಾಪೆಯ ಮೇಲೆ ಕೂತು ಬಣ್ಣದ ಪೆನ್ಸಿಲ್ ಚೂಪು ಮಾಡುತ್ತಿದ್ದ ಸಹನಾಳ ಕಡೆ ನೋಡಿ, "ನಿಮಗ ಒಂದ ಕೂಸೇನ್ರಿ?" ಎಂದು ಕೇಳಿದಳು.

ಹೌದು ಎಂದೆ. ಅವಳು ತುಟಿಯಿಂದ ಚ್ಚ್ ಎಂದು ಸದ್ದು ಮಾಡಿ ಹೋದಳು.

ಮರುದಿನದಿಂದ ಹಾಲಿನವಳು ನಮ್ಮ ಬಾಗಿಲಿಗೆ ಬರಲಿಲ್ಲ. ಎಮ್ಮೆ ಬತ್ತಿದೆ ಎಂದು ಹೇಳಿ ಕಳಿಸಿದಳು, ಪಕ್ಕದ ಮನೆಯಲ್ಲಿ ಅದೇ ಎಮ್ಮೆಯ ಹಾಲು ಅಳೆಯುವ ಸದ್ದು ನನಗೆ ಕೇಳುತ್ತಿತ್ತು. ನಾನು ಹಾಕಿದ ರಂಗೋಲಿಯ ಮೇಲೆ ಪಾತ್ರೆ ತೊಳೆದ ನೀರು ಬಿದ್ದಿರುತ್ತಿತ್ತು, ಪ್ರತಿದಿನ ನಡುವಿನ ಚುಕ್ಕಿಯ ಮೇಲೇ, ಗುರಿ ಇಟ್ಟಂತೆ. ಸಹನಾ ಆಡಲು ಹೋದರೆ ಕುಂಟೆಬಿಲ್ಲೆಯ ಹುಡುಗಿಯರು ಮನೆಯೊಳಗೆ ಹೋಗುತ್ತಿದ್ದರು. ಒಬ್ಬಳು ಮಾತ್ರ ಬಾಗಿಲ ಸಂದಿಯಿಂದ, ನೀ ಸಾಯ್ತಿ ಅಂತಲ್ಲ, ಖರೆ ಏನು ಎಂದು ಕೇಳಿದ್ದಳಂತೆ. ಸಹನಾ ಅದನ್ನು ಬಂದು ನನಗೆ ಹೇಳಿದ್ದು ಅಳುತ್ತ ಅಲ್ಲ. ಹೋಮ್‌ವರ್ಕಿನ ಪ್ರಶ್ನೆ ಕೇಳುವ ಹಾಗೆ ಕೇಳಿದಳು.

ನಮ್ಮ ಯಜಮಾನರು ಜಗಳದ ಮನುಷ್ಯ ಅಲ್ಲ. ಒಂದು ವರ್ಷ ಇದ್ದು ಹೋಗುವವರು ನಾವು, ತಪ್ಪಾಯಿತು ಅಂದುಬಿಡು ಎಂದರು. ಓಣಿಯವರ ಬೇಡಿಕೆ ಇಷ್ಟೇ ಇತ್ತು: ನಾನು ದೇವಿಯ ಗುಡಿಯಿಂದ ಭಂಡಾರ ತಂದು, ಕಾಯಿ ಒಡೆದು, ಎಲ್ಲರ ಎದುರು ಹೊಸ್ತಿಲಿಗೆ ಹಾಕಿ ಕೈ ಮುಗಿಯಬೇಕು. ನಾನು ಒಪ್ಪಿದ್ದೆ. ಸುಳ್ಳು ಹೇಳಬಾರದು, ಒಪ್ಪಿದ್ದೆ. ತೆಂಗಿನಕಾಯಿ ತಂದಿಟ್ಟಿದ್ದೆವು.

ಅದೇ ವಾರ ಸುಜಾತಾ ಬಂದಳು. ಅವಳು ಆ ಭಾಗದ ಆರೋಗ್ಯ ಸಹಾಯಕಿ. ಕೈಯಲ್ಲಿ ಬ್ಯಾಟರಿ, ಹೆಗಲಿಗೆ ಚೀಲ, ಮನೆಮನೆಯ ನೀರಿನ ಪಾತ್ರೆಗಳಲ್ಲಿ ಸೊಳ್ಳೆಯ ಮರಿ ಹುಳ ಇವೆಯೇ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಅವಳ ಕೆಲಸ. ಬಿಸಿಲಲ್ಲಿ ಬಂದವಳಿಗೆ ನಾನು ಕಾಗದದ ಲೋಟದಲ್ಲಿ ನೀರು ಕೊಟ್ಟೆ. ಸ್ವಚ್ಛವಾಗಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಅವಳ ಮನೆತನ ಯಾವುದು ಎಂದು ಓಣಿಯವರು ಮೊದಲೇ ನನ್ನ ಕಿವಿಗೆ ಹಾಕಿದ್ದರು. ಅವಳು ಕುಡಿದು, ಲೋಟವನ್ನು ಮುದುಡಿ ತನ್ನ ಚೀಲಕ್ಕೇ ಹಾಕಿಕೊಂಡಳು. ನಮ್ಮ ಕಪಾಟಿನಲ್ಲಿ ಸ್ಟೀಲಿನ ಲೋಟಗಳು ಸಾಲಾಗಿ ಬೋರಲು ಇದ್ದವು. ಇಬ್ಬರಿಗೂ ಕಾಣುತ್ತಿದ್ದವು.

ಎದುರಿನ ಮನೆಯನ್ನು ಪುಸ್ತಕದಲ್ಲಿ ಏನೆಂದು ಬರೆಯುತ್ತೀರಿ ಎಂದು ಕೇಳಿದೆ.

"ಬೀಗ ಹಾಕೇತಿ ಅಂತ ಬರೀತೇನ್ರಿ," ಎಂದಳು. "ಬಾಗಲಾನ ಇಲ್ಲದ ಮನೀಗೆ ತಿಂಗಳಾ ತಿಂಗಳಾ ಬೀಗ ಹಾಕತೇನಿ."

ಭಂಡಾರಕ್ಕೆ ಹೆದರಿಯೇ ಎಂದೆ. ಅವಳು ನಕ್ಕಳು. "ನಮ್ಮಜ್ಜನ ಕಾಲಕ್ಕ ಭಂಡಾರ ಬಿಟ್ಟು ಬುದ್ಧನ್ನ ಹಿಡದೇವ್ರಿ. ದಾಟಾಕ ನಾ ಅಂಜೂದಿಲ್ಲ. ಆದ್ರ ನಾ ದಾಟಿದ್ರ ಇವರು ಭಂಡಾರದ ಮಾತ ಆಡೂದಿಲ್ಲ, ನನ್ನ ಜಾತಿ ಮಾತ ಆಡತಾರು. ನಾಳಿ ಬಾಣಂತಿ ಮನಿಗಿ ಹ್ವಾದ್ರ ಬಾಗಲಾ ತಗಿಯೂದಿಲ್ಲ."

ಆಮೇಲೆ ಅವಳು ನನ್ನನ್ನು ಹಾಳುಮನೆಯ ಹಿಂದಿನ ಗೋಡೆಯ ಬಿರುಕಿನ ಹತ್ತಿರ ಕರೆದುಕೊಂಡು ಹೋದಳು. ಅಲ್ಲಿಂದ ಟಾಕಿ ಕೈಗೆ ಸಿಗುವಷ್ಟು ಹತ್ತಿರ. ಬ್ಯಾಟರಿ ಬಿಟ್ಟು ತೋರಿಸಿದಳು. ಪಾಚಿ ಸರಿದ ಜಾಗದಲ್ಲಿ ನೀರು ಕುದಿಯುತ್ತಿದೆ ಎನಿಸಿತು. ಕುದಿಯುತ್ತಿರಲಿಲ್ಲ, ಅಷ್ಟು ಹುಳ. ಅಲ್ಪವಿರಾಮದಷ್ಟು ದೊಡ್ಡವು, ಮಡಚಿಕೊಂಡು ಬಿಚ್ಚಿಕೊಂಡು, ಮಡಚಿಕೊಂಡು ಬಿಚ್ಚಿಕೊಂಡು. ಬಾಗಿಲ ಚೌಕಟ್ಟಿನಾಚೆ, ಮೂವತ್ತು ಹೆಜ್ಜೆ ದೂರದಲ್ಲಿ, ನಮ್ಮ ಕಿಟಕಿಯಲ್ಲಿ ಸಹನಾಳ ಸಾಲೆಯ ಸಾಕ್ಸ್ ಒಣಗುತ್ತಿತ್ತು.

ಕಾಯಿಯನ್ನು ಆ ದಿನ ಸಾರಿಗೆ ಒಡೆದೆ.

ಆ ಕಸ ತೆಗೆಸಿ ಎಂದು ಪುರಸಭೆಯ ಕಚೇರಿಗೆ ಅರ್ಜಿ ಬರೆದೆ, ಕಾನ್ವೆಂಟಿನ ದುಂಡಕ್ಷರದಲ್ಲಿ. ಒಂದು ದಿನ ಟ್ರ್ಯಾಕ್ಟರ್ ಬಂದೂ ಬಂತು. ಬಾಳವ್ವ ಹೊಸ್ತಿಲ ಮುಂದೆ ಕಾಲು ಚಾಚಿ ಕೂತು, ದಾಟುವವರು ತಮ್ಮ ಮಕ್ಕಳ ಹೆಸರು ಹೇಳಿ ದಾಟಬೇಕು ಎಂದಳು. ಗುದ್ದಲಿ ಹಿಡಿದು ಬಂದಿದ್ದ ಹಿರಿಯ ಕೆಲಸಗಾರ ನನ್ನ ಹತ್ತಿರ ಬಂದು ಮೆಲ್ಲಗೆ, ಗಟಾರದಲ್ಲಿ ಇಳಿ ಅಂದರೆ ಇಳಿಯುತ್ತೇನೆ, ಇದು ಬೇಡ, ನನಗೂ ಮೊಮ್ಮಕ್ಕಳು ಇದ್ದಾರೆ ಎಂದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಟ್ರ್ಯಾಕ್ಟರ್ ಬರಿದಾಗಿ ತಿರುಗಿ ಹೋಗುವಾಗ ಓಣಿಯವರು ನಕ್ಕರಲ್ಲ, ಆ ನಗುವಿನ ಮೇಲೆ ಬಂತು.

ಶಾಂತವ್ವನಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ತನ್ನ ಕಟ್ಟೆಯಿಂದ ಎಲ್ಲರಿಗೂ ಕೇಳುವಂತೆ ಅಂದಳು: "ಮಂದೀನ ಯಾಕ ಕರಸ್ತೀರಿ ಬಾಯಾರ? ಮುರದಾಕಿ ನೀವ ಅಲ್ಲ, ನೀವ ಹೋಗ್ರಿ ಒಳಗ. ನಿಮ್ಮದು ಹೋಗೂದು ಆಗಲೇ ಹೋಗೇತಿ."

ಅದು ಹಂಗಿಸಲು ಆಡಿದ ಮಾತು. ಆದರೆ ಅಡುಗೆ ಮಾಡುತ್ತ ಯೋಚಿಸಿದರೆ ಅದರಲ್ಲಿ ಒಂದು ನ್ಯಾಯ ಕಾಣಿಸಿತು. ಇಡೀ ಊರಿನಲ್ಲಿ ಆ ಹೊಸ್ತಿಲು ದಾಟಲು ಯಾವ ಅಡ್ಡಿಯೂ ಇಲ್ಲದವಳು ನಾನೊಬ್ಬಳೇ. ಆಣೆ ಹತ್ತುವುದಿದ್ದರೆ ಒಂದು ಕಾಲಿಗೆ ಹತ್ತಿದ್ದೇ ಎರಡು ಕಾಲಿಗೂ.

ಮೃಗಶಿರ ಮಳೆ ಇನ್ನೂ ಹಿಡಿದಿರಲಿಲ್ಲ. ಸಹನಾಳನ್ನು ಸಾಲೆಗೆ ಕಳಿಸಿ, ಯಜಮಾನರ ಹಳೆಯ ಪೂರ್ತಿ ತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು, ಅವರ ಗಮ್‌ಬೂಟು ಮೆಟ್ಟಿಕೊಂಡು, ಕುಡುಗೋಲು ಹಿಡಿದು ಒಳಗೆ ಹೋದೆ. ದತ್ತೂರಿಯನ್ನು ಕಡಿದಾಗ ಬರುವ ವಾಸನೆಗೆ ತಲೆ ಹಿಡಿಯುತ್ತದೆ ಎಂದು ಆಗ ಗೊತ್ತಾಯಿತು. ಅರ್ಧ ಗಂಟೆಯಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಹಿಂತಿರುಗಿ ನೋಡಿದರೆ ಓಣಿಯ ಹೆಂಗಸರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಾಲಾಗಿ ಕೂತಿದ್ದರು. ಒಬ್ಬಳು ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಸುಲಿದ ಸಿಪ್ಪೆಯನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಮಡಿಲಲ್ಲೇ ಇಟ್ಟುಕೊಂಡಿದ್ದಳು.

ನಾಲ್ಕು ದಿನ ಒಬ್ಬಳೇ ಕೆಲಸ ಮಾಡಿದೆ. ಒಂದು ಓಣಿಯನ್ನು ತಿಳಿಯಬೇಕಾದರೆ ಅದರ ಕಸ ತೆಗೆಯಬೇಕು. ಯಾರ ಮನೆಯಲ್ಲಿ ಯಾವ ಚಹಾಪುಡಿ, ಯಾರು ಕದ್ದು ಗುಟಕಾ ತಿನ್ನುತ್ತಾರೆ, ಯಾರು ಒಡೆದ ಬಳೆಯನ್ನು ಕಾಗದದಲ್ಲಿ ಸುತ್ತಿ ಎಸೆಯುತ್ತಾರೆ, ಯಾರು ಹಾಗೇ ಎಸೆಯುತ್ತಾರೆ, ಎಲ್ಲ ನನಗೆ ತಿಳಿಯಿತು. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಕೋಡು ಮುರಿದು ಮಣ್ಣಾಗುತ್ತ ಬಿದ್ದಿದ್ದವು. ಸುಜಾತಾ ಬಸುರಿಯರಿಗೆ ಕೊಟ್ಟ ಕಬ್ಬಿಣದ ಮಾತ್ರೆಗಳು ಒಂದನ್ನೂ ಬಿಡಿಸದ ಹಾಳೆಹಾಳೆಯಾಗಿ ಸಿಕ್ಕವು. ಬಾಳವ್ವನ ಸೊಸೆ ಆಗ ನಾಲ್ಕು ತಿಂಗಳ ಬಸುರಿ. ಆ ಮಾತ್ರೆಗಳನ್ನು ತೊಳೆದು ಬಾಳವ್ವನ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಬಂದೆ. ಮರುದಿನ ಅವು ಮತ್ತೆ ಒಳಗೆ ಬಿದ್ದಿದ್ದವು.

ಭಾನುವಾರ ಸುಜಾತಾ ಬಂದಳು, ಇಲಾಖೆಯ ಸೀರೆಯಲ್ಲಲ್ಲ, ಹಳೆಯ ಚೂಡಿದಾರದಲ್ಲಿ. ಇವತ್ತು ಡ್ಯೂಟಿ ಇಲ್ಲ, ಯಾರು ಏನು ಬೇಕಾದರೂ ಅನ್ನಲಿ ಎಂದಳು. ನಾನು ಸ್ಟೀಲಿನ ಲೋಟದಲ್ಲಿ ಚಹಾ ತಂದೆ. ಅವಳು ಲೋಟವನ್ನು ತಿರುಗಿಸಿ ನೋಡಿ, "ಕಾಗದದ್ದು ತೀರ್ಯಾವೇನ್ರಿ ಅಕ್ಕಾರ?" ಎಂದಳು. ಉತ್ತರಕ್ಕೆ ಕಾಯದೆ ಚಹಾ ಕುಡಿದು ಕೋಲು ಕೈಗೆ ತೆಗೆದುಕೊಂಡಳು.

ಟಾಕಿಯ ನೀರನ್ನು ಬಕೆಟ್ಟಿನಲ್ಲಿ ತೆಗೆದು ಮುಗಿಸುವಂತಿರಲಿಲ್ಲ. ಹಳೆಯ ಟಾಕಿಗಳಿಗೆ ತಳದ ಮೂಲೆಯಲ್ಲಿ ತೂಬು ಇರುತ್ತದೆ, ಅರಿವೆ ತುರುಕಿರುತ್ತಾರೆ ಎಂದು ಸುಜಾತಾ ಮೊಣಕಾಲೂರಿ ಕೋಲಿನಿಂದ ತಡಕಾಡಿದಳು. ಒಂಬತ್ತು ವರ್ಷದ ಅರಿವೆ ಕಿತ್ತು ಬಂದಾಗ ಆದ ಸದ್ದನ್ನು ಏನೆನ್ನಲಿ, ಕೋಣವೊಂದು ಗಂಟಲು ಸರಿಮಾಡಿಕೊಂಡ ಹಾಗಿತ್ತು. ಕಪ್ಪು ನೀರು ಹಿತ್ತಿಲಿಂದ ಅಂಗಳಕ್ಕೆ, ಅಂಗಳದಿಂದ ಹೊಸ್ತಿಲ ಪಕ್ಕದ ಸಂದಿಗೆ, ಅಲ್ಲಿಂದ ಓಣಿಗೆ ಹರಿಯಿತು. ಬಾಳವ್ವನ ರಂಗೋಲಿ, ಶಾಂತವ್ವನ ರಂಗೋಲಿ, ಹಾಲಿನವಳ ರಂಗೋಲಿ, ಎಲ್ಲದರ ಮೇಲೂ ಹರಿಯಿತು. ಕುರ್ಚಿಗಳು ಸರಸರ ಎದ್ದವು. ಆ ಹೊತ್ತು ನಾನು ಕೇಳಿದ ಬೈಗುಳಗಳನ್ನು ಬರೆಯಲು ಬರುವುದಿಲ್ಲ, ಕೆಲವಕ್ಕೆ ಅರ್ಥ ಇವತ್ತಿಗೂ ಗೊತ್ತಿಲ್ಲ. ನನಗೆ ಸಂತೋಷವಾಯಿತು. ಸಾತ್ವಿಕ ಹೆಂಗಸು ಎಂದು ನನ್ನನ್ನು ಕರೆಯುವವರು ಇದ್ದಾರೆ, ಅವರಿಗೆ ಇದನ್ನು ಹೇಳಬೇಕು.

ಮಳೆ ಹಿಡಿದ ಮೇಲೆ, ಹತ್ತನೆಯ ದಿನ ಇರಬೇಕು, ಸಹನಾ ಸಾಲೆಯಿಂದ ಬಂದು ಚೀಲ ಇಳಿಸದೆ ಹಾಗೇ ಮಲಗಿದಳು. ಹಣೆ ಮುಟ್ಟಿದೆ. ಸುಡುತ್ತಿತ್ತು.

ಓಣಿಗೆ ಹೇಗೆ ತಿಳಿಯಿತೋ. ಮರುದಿನ ಬೆಳಿಗ್ಗೆ ನಮ್ಮ ರಂಗೋಲಿಯ ಮೇಲೆ ನೀರು ಬಿದ್ದಿರಲಿಲ್ಲ. ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಬಾಳವ್ವ ತನ್ನ ಕಟ್ಟೆಯ ಮೇಲೆ ನಮ್ಮ ಬಾಗಿಲಿಗೆ ಮುಖ ಮಾಡಿ ಕೂತಿದ್ದಳು, ಬಸ್ಸಿಗೆ ಕಾಯುವವರ ಹಾಗೆ. ಆ ಮೌನ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅವರು ಸಮಾಧಾನದಿಂದ ಕಾಯುತ್ತಿದ್ದರು, ನನ್ನ ಮಗಳ ಮೈಯಲ್ಲಿ ತಮ್ಮ ಆಣೆ ನಿಜವಾಗುವುದನ್ನು.

ಎರಡನೆಯ ದಿನವೂ ಜ್ವರ ಇಳಿಯಲಿಲ್ಲ. ನಮ್ಮ ಯಜಮಾನರು ಒದ್ದೆ ಬಟ್ಟೆ ಹಿಂಡುತ್ತ, ನನ್ನ ಕಡೆ ನೋಡದೆ, ಗುಡಿಗೆ ಹೋಗಿ ಬರಲೇ ಎಂದು ಕೇಳಿದರು. ನಾನು ಬೇಡ ಎಂದೆ. ಬೇಡ ಎಂದವಳು ಮಧ್ಯಾಹ್ನ ಓಣಿಯೆಲ್ಲ ಊಟಕ್ಕೆ ಕೂತ ಹೊತ್ತಿನಲ್ಲಿ ಅಡುಗೆಮನೆಯ ಡಬ್ಬಿಯಿಂದ ಒಂದು ಚಿಟಿಕೆ ಅರಿಶಿಣ ತೆಗೆದುಕೊಂಡು ಹೋಗಿ ಆ ಹೊಸ್ತಿಲ ಮೇಲೆ ಹಾಕಿದೆ. ಗುಡಿಯ ಭಂಡಾರವೂ ಅಲ್ಲ, ಸಾರಿಗೆ ಹಾಕುವ ಅರಿಶಿಣ. ತಪ್ಪಾಯಿತು ಎಂದೆ. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯನ್ನೂ ಹೇಳಿದೆ. ಯಾರು ಕೇಳಿದರೂ ಸರಿ ಎನ್ನುವ ಸ್ಥಿತಿ ಅದು. ಹತ್ತು ನಿಮಿಷಕ್ಕೆ ಮಳೆ ಬಂದು ಅದನ್ನು ತೊಳೆದುಬಿಟ್ಟಿತು.

ಸಂಜೆ ಸುಜಾತಾ ಬಂದು ಸಹನಾಳ ಕಣ್ಣು, ನಾಲಗೆ ನೋಡಿದಳು. ನನ್ನ ಬೆರಳ ತುದಿಗಳನ್ನೂ ನೋಡಿದಳು. "ಕೈ ತೊಳಕೋರಿ ಅಕ್ಕಾರ," ಎಂದಳು, "ಕೂಸಿಗೆ ಗುಳಗಿ ಕೊಡೂದೈತಿ."

ಮರುದಿನ ಮೊದಲ ಬಸ್ಸಿಗೆ ಗೋಕಾಕಕ್ಕೆ ಹೋದೆವು. ರಕ್ತ ತೆಗೆದರು. ವರದಿ ಬರುವವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಸಹನಾಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅವಳ ಕೈಕಾಲುಗಳ ಮೇಲೆ ಕೆಂಪು ಚುಕ್ಕೆ ಎದ್ದಿವೆಯೇ ಎಂದು ಒಂದೊಂದು ಬೆರಳಗಲ ನೋಡುತ್ತ ಕೂತೆ. ಹಿಂದಿನ ವರ್ಷದ ಡಾಕ್ಟರರೇ ಕರೆದರು. ಡೆಂಗಿ ಅಲ್ಲ, ಟೈಫಾಯ್ಡ್. ನೀರಿನಿಂದ ಬರುವಂಥದ್ದು, ಕುದಿಸಿ ಆರಿಸಿದ ನೀರು ಕುಡಿಸಿ, ಗುಳಿಗೆಗೆ ಇಳಿಯುತ್ತದೆ ಎಂದರು. ಎರಡನೆಯ ಡೆಂಗಿ ಅಲ್ಲ ತಾನೇ ಎಂದು ಮೂರು ಸಲ ಕೇಳಿದೆ. ಮೂರನೆಯ ಸಲ ಅವರಿಗೆ ಬೇಸರ ಬಂತು.

ಹದಿನೈದು ದಿನಕ್ಕೆ ಸಹನಾ ಎದ್ದು ಓಡಾಡಿದಳು. ಓಣಿಯಲ್ಲಿ ಅದರ ಅರ್ಥವೇ ಬೇರೆಯಾಗಿತ್ತು. ಆ ಮಧ್ಯಾಹ್ನ ನಾನು ಅರಿಶಿಣ ಹಾಕಿದ್ದನ್ನು ಬಾಳವ್ವ ಕಿಟಕಿಯಿಂದ ನೋಡಿದ್ದಳು. ದೇವಿ ಹಿಡಿದಿದ್ದಳು, ತಪ್ಪು ಒಪ್ಪಿಕೊಂಡಳು, ದೇವಿ ಬಿಟ್ಟಳು ಎಂದು ಅವಳು ನಲ್ಲಿಯ ಹತ್ತಿರ ಸಾರಿದ್ದಳು. ಗುಳಿಗೆ, ವರದಿ, ಟೈಫಾಯ್ಡ್ ಎಂದೆಲ್ಲ ನಾನು ಹೇಳಲು ಹೋದೆ. "ಹಂಗಾರ ಅರಿಶಿಣ ಯಾಕ ಹಾಕಿದಿ?" ಎಂದು ಬಾಳವ್ವ ಒಂದೇ ಪ್ರಶ್ನೆ ಕೇಳಿದಳು. ಕೊಡ ತುಂಬಿಸಿಕೊಂಡು ಬಂದೆ.

ಶ್ರಾವಣ ಮುಗಿದ ಮೇಲೆ ನಾನು ಎಣಿಸಿರದ ಒಂದು ಸಂಗತಿ ನಡೆಯಿತು. ಅಣ್ಣತಮ್ಮಂದಿರಿಬ್ಬರೂ ಟೇಪು ಹಿಡಿದು ಹಾಳುಮನೆಯೊಳಗೆ ಇಳಿದರು. ಕಸ ಇಲ್ಲ, ಮುಳ್ಳಿಲ್ಲ, ಹಾವಿಲ್ಲ, ಟಾಕಿ ಬತ್ತಿದೆ, ಅಳೆಯಲು ಎಷ್ಟು ಸಲೀಸು. ಒಂಬತ್ತು ವರ್ಷ ಇಬ್ಬರಿಗೂ ಆ ಜಾಗ ಬೇಕಿತ್ತು. ಆಣೆ ಮುರಿಯುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ಈಗ ಅದನ್ನು ಬಾಳವ್ವ ಇತ್ಯರ್ಥ ಮಾಡಿದ್ದಳು. "ಮುರದಾಕಿ ಆಕಿ, ತಪ್ಪಾತು ಅಂದಾಕಿನೂ ಆಕಿ. ನಮಗೇನೂ ಹತ್ತೂದಿಲ್ಲ," ಎಂದು ನನ್ನ ಎದುರಿಗೇ ತನ್ನ ಗಂಡನಿಗೆ ಹೇಳಿದಳು, ನಾನು ಅಲ್ಲಿ ನಿಂತಿರುವ ಕಂಬ ಎನ್ನುವ ಹಾಗೆ. ಹಳೆಯ ಗೋಡೆಗಳನ್ನು ಕೆಡವಿದರು. ನಡುವೆ ಗೆರೆ ಬಿತ್ತು, ಆ ಕಡೆ ಈ ಕಡೆ ಪಾಯ ತೋಡಿದರು. ದಸರೆಯಲ್ಲಿ ಪಾಯದ ಪೂಜೆ. ಇಡೀ ಓಣಿಗೆ ಹುಗ್ಗಿಯ ಊಟ. ನಮ್ಮ ಮನೆಯ ಬಾಗಿಲು ಒಂದನ್ನು ಬಿಟ್ಟು ಎಲ್ಲ ಬಾಗಿಲಿಗೂ ಕರೆಯಲು ಹೋದರು. ಗಂಡಸರು ಕೂಡಿದ್ದರು, ಆದರೆ ನೆಗೆಣ್ಣಿಯರು ಕೂಡಿರಲಿಲ್ಲ. ಪೂಜೆಯ ಕಲ್ಲಿನ ಆ ಬದಿಗೆ ಒಬ್ಬಳು, ಈ ಬದಿಗೆ ಒಬ್ಬಳು, ಇಬ್ಬರೂ ಭಟ್ಟರಿಗೆ ಮಾತ್ರ ಮಾತಾಡುತ್ತ ನಿಂತದ್ದನ್ನು ಕಿಟಕಿಯಿಂದ ನೋಡಿದೆ. ನಾವು ಅವತ್ತು ಉಪ್ಪಿಟ್ಟು ತಿಂದೆವು.

ಅದು ನನಗೆ ನೋಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಮರುವಾರ ನಡೆದದ್ದು ಬೇರೆ. ಕಲ್ಲುಕೆಲಸದವನು ಹುಕ್ಕೇರಿಯ ಕಡೆ ಇನ್ನೊಂದು ಕೆಲಸ ಹಿಡಿದು ಹೋದ, ಹುಣ್ಣಿಮೆ ಕಳೆಯದ ಹೊರತು ಬರುವುದಿಲ್ಲ ಎಂದ. ಅಷ್ಟರಲ್ಲಿ ಚಿತ್ತಿ ಮಳೆ ಹೊಯ್ಯಿತು. ತೋಡಿಟ್ಟ ಪಾಯದ ಕಾಲುವೆಗಳು ಅಂಚಿನವರೆಗೆ ತುಂಬಿ ನಿಂತವು. ಒಂದು ಟಾಕಿ ಇದ್ದ ಜಾಗದಲ್ಲಿ ಈಗ ಓಣಿಯುದ್ದ ನೀರು.

ಮೂರನೆಯ ದಿನ ಆ ನೀರು ತೆಗೆಸಿ ಎಂದು ಶಾಂತವ್ವನಿಗೆ ಹೇಳಿದೆ. ಹಿರಿಯಳು ಆಚೆಯವಳು, ಅವಳನ್ನು ಕೇಳಿ ಎಂದಳು. ಬಾಳವ್ವನ ಹತ್ತಿರ ಹೋದೆ. ಅವಳ ಸೊಸೆ ಹೆರಿಗೆಗೆ ತವರಿಗೆ ಹೋಗಿದ್ದಳು. ನಾಳೆ ಕೂಸು ಬರುತ್ತದೆ, ನಿಂತ ನೀರು ನಿಮ್ಮ ಮನೆಗೂ ಒಳ್ಳೆಯದಲ್ಲ ಎಂದೆ. ಅವಳು ಅಕ್ಕಿ ಆರಿಸುವ ಮೊರದಿಂದ ತಲೆ ಎತ್ತಲಿಲ್ಲ. "ನಿನ್ನ ಮಗಳ ಸಲುವಾಗಿ ಊರ ಮಳಿ ನಿಲ್ಲಸೂನೇನು?" ಎಂದಳು. ಐದನೆಯ ದಿನ ಬಗ್ಗಿ ನೋಡಿದೆ. ನೀರು ಕುದಿಯುತ್ತಿತ್ತು.

ಬಸ್ ನಿಲ್ದಾಣದ ಹತ್ತಿರ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜಿತ್ತು. ಅಲ್ಲಿಂದ ಎರಡು ಡಬ್ಬಿ ಸುಟ್ಟ ಆಯಿಲ್ ತಂದೆ. ಹುಳಕ್ಕೆ ಉಸಿರು ಸಿಗದಂತೆ ನೀರಿನ ಮೇಲೆ ಎಣ್ಣೆಯ ಪದರ ಹರಡಬೇಕು ಎಂದು ಸುಜಾತಾ ಹೇಳಿಕೊಟ್ಟಿದ್ದಳು. ಸಂಜೆ ನಾಲ್ಕರ ಹೊತ್ತು, ಹೆಂಗಸರೆಲ್ಲ ಕಟ್ಟೆಯ ಮೇಲಿದ್ದರು. ಇದು ಸುಟ್ಟ ಎಣ್ಣೆ, ಸೊಳ್ಳೆಗೆ ಹಾಕುತ್ತಿದ್ದೇನೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ಪಾಯದ ಅಂಚಿನಲ್ಲಿ ನಡೆಯುತ್ತ ಸುರಿದೆ, ಬಾಳವ್ವನ ಕಡೆಯ ಪಾಲಿಗೆ ಒಂದು ಡಬ್ಬಿ, ಶಾಂತವ್ವನ ಕಡೆಗೆ ಇನ್ನೊಂದು. ಕುಂಕುಮ ಹಚ್ಚಿದ ಪೂಜೆಯ ಕಲ್ಲು ಮೂಲೆಯಲ್ಲಿತ್ತು. ಅದರ ಸುತ್ತಲಿನ ನೀರನ್ನೂ ಬಿಡಲಿಲ್ಲ.

ಬಾಳವ್ವ ಒಂದು ಬಾಗಿಲಿನಿಂದ, ಶಾಂತವ್ವ ಇನ್ನೊಂದು ಬಾಗಿಲಿನಿಂದ ಓಡಿ ಬಂದರು. ಪೂಜೆಯಾದ ಪಾಯಕ್ಕೆ ಕರೀ ಎಣ್ಣೆ. ಇಬ್ಬರ ಬೈಗುಳಗಳೂ ಬೇರೆ ಬೇರೆ ಶಬ್ದದಿಂದ ಶುರುವಾಗಿ ಒಂದೇ ಕಡೆಗೆ ಬಂದು ಸೇರಿದವು. ಆಮೇಲೆ ಬಾಳವ್ವ ನನ್ನಿಂದ ಮುಖ ತಿರುಗಿಸಿ, ನಡುವಿನ ಗೆರೆಯ ಆಚೆ ನಿಂತಿದ್ದ ಶಾಂತವ್ವನ ತೋಳು ಹಿಡಿದು, "ನೋಡ ತಂಗಿ, ಈಕಿ ಮಾಡೂದು ನೋಡ," ಎಂದಳು. "ನೋಡಾಕತ್ತೇನಿ ಅಕ್ಕಾ," ಎಂದಳು ಶಾಂತವ್ವ.

ಒಂಬತ್ತು ವರ್ಷಗಳ ಮೇಲೆ ಅವರಿಬ್ಬರ ನಡುವೆ ಹುಟ್ಟಿದ ಮೊದಲ ಮಾತು ಅದು. ಅವರಿಗೇ ಗೊತ್ತಾಯಿತೋ ಇಲ್ಲವೋ, ಹಿಡಿದ ತೋಳನ್ನು ಬಿಡದೆ ಇಬ್ಬರೂ ಕೂಡಿ ನನ್ನನ್ನು ಬೈಯತೊಡಗಿದರು. ನನ್ನ ಹುಟ್ಟು, ನನ್ನ ಸಾಲೆ, ನನ್ನ ಒಂದೇ ಕೂಸು, ಯಾವುದನ್ನೂ ಬಿಡಲಿಲ್ಲ. ಖಾಲಿ ಡಬ್ಬಿಗಳನ್ನು ಪಕ್ಕಕ್ಕಿಟ್ಟು ಕುಕ್ಕರಗಾಲಲ್ಲಿ ಕೂತೆ. ಎಣ್ಣೆ ನೀರಿನ ಮೇಲೆ ನಿಧಾನವಾಗಿ ಹರಡುತ್ತಿತ್ತು. ಹುಳಗಳು ಉಸಿರಿಗೆ ಮೇಲೆ ಬಂದವು, ತಾಗಿದವು, ಕೆಳಗಿಳಿದವು, ಮತ್ತೆ ಬಂದವು. ತಲೆಯ ಮೇಲೆ ಬೈಗುಳ ಸುರಿಯುತ್ತಲೇ ಇತ್ತು. ಕೊನೆಯ ಹುಳ ಅಲುಗುವುದನ್ನು ನಿಲ್ಲಿಸುವ ತನಕ ನಾನು ಅಲ್ಲಿಂದ ಏಳಲಿಲ್ಲ.